ಆಡದ ಫೈನಲ್, ಕಳೆಯದ ಸೂತಕ

ಬ್ರೆಜಿಲ್‌ನ ಶಾಪೆಕೊಯೆನ್ಸೆ ಎಂಬ ಫುಟ್‌ಬಾಲ್ ಕ್ಲಬ್ಬಿನ ಹೆಸರು ಮತ್ತೆ ಸುದ್ದಿಯಲ್ಲಿದೆ. 2016ರ ನವೆಂಬರ್ 28ರ ರಾತ್ರಿ, ಫೈನಲ್ ಆಡಲು ಹೊರಟಿದ್ದಾಗ ಕೊಲಂಬಿಯಾದ ಗುಡ್ಡವೊಂದಕ್ಕೆ ವಿಮಾನ ಅಪ್ಪಳಿಸಿ, ತಂಡಕ್ಕೆ ತಂಡವೇ ಇಲ್ಲವಾದ ಕ್ಲಬ್ ಅದು. 2025ರ ಕೊನೆಗೆ ಬಡ್ತಿ ಪಡೆದು ಅದು ಬ್ರೆಜಿಲ್‌ನ ಮೊದಲ ದರ್ಜೆಯ ಲೀಗ್‌ಗೆ ಮರಳಿತು. 2026ರ ನವೆಂಬರ್‌ಗೆ ಆ ದುರಂತಕ್ಕೆ ಹತ್ತು ವರ್ಷ ತುಂಬುತ್ತದೆ. ಹೀಗಾಗಿ ಕ್ಲಬ್ ಮತ್ತೆ ಎದ್ದು ನಿಂತ ಸಂಭ್ರಮದ ಬರಹಗಳೂ, ಸತ್ತವರ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದ ವರದಿಗಳೂ ಒಟ್ಟೊಟ್ಟಿಗೆ ಕಣ್ಣಿಗೆ ಬೀಳುತ್ತಿವೆ. ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಕೂತು ಮೊಬೈಲ್‌ನಲ್ಲಿ ಇವೆರಡನ್ನೂ ಓದುವವರಿಗೆ ಗೊಂದಲವಾಗುವುದು ಸಹಜ. ಫೈನಲ್ ಆಡದ ತಂಡಕ್ಕೆ ಕಪ್ ಕೊಟ್ಟದ್ದು ಹೇಗೆ? ಅಷ್ಟೊಂದು ಕಣ್ಣೀರು ಹರಿದ ಮೇಲೂ ಮನೆಯವರಿಗೆ ಹಣ ತಲುಪಲಿಲ್ಲವೇಕೆ? ಎಂದೂ ಕಾಣದ ಆಟಗಾರರಿಗಾಗಿ ಸಾವಿರಾರು ಮೈಲಿ ದೂರದವರು ಅತ್ತದ್ದಾದರೂ ಯಾಕೆ?

ತಂಡವೊಂದು ಹೀಗೆ ಒಮ್ಮೆಗೇ ಅಳಿದಾಗ ಸೂತಕ ಮೂರು ಕಡೆ ಹಿಡಿಯುತ್ತದೆ: ಊರಿಗೆ, ಆಟಕ್ಕೆ, ಮನೆಗಳಿಗೆ. ಮಲೆನಾಡಿನಲ್ಲಿ ಸೂತಕದ ದಿನದ ಲೆಕ್ಕ ಜಾತಿ-ಮನೆತನಕ್ಕೆ ತಕ್ಕಂತೆ ಬೇರೆಯಾಗುತ್ತದೆ. ದಾಯಾದಿಗಳಿಗೆ ಇಷ್ಟು ದಿನ, ದೂರದ ನೆಂಟರಿಗೆ ಇಷ್ಟು ದಿನ ಎಂಬ ಕಟ್ಟಲೆ ಇದೆ. ಇಲ್ಲಿಯೂ ಹಾಗೆಯೇ. ಊರಿನ ಸೂತಕ ಕಳೆಯುವ ದಿನ ಬೇರೆ, ಆಟದ್ದು ಬೇರೆ, ಮನೆಯದ್ದು ಬೇರೆ. ಮೊದಲೆರಡು ಕಳೆದದ್ದನ್ನು ಕಂಡು ಮೂರನೆಯದೂ ಕಳೆಯಿತೆಂದು ಭಾವಿಸುವುದರಿಂದಲೇ ಈ ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ತೋರುತ್ತದೆ.

ಆ ರಾತ್ರಿ ನಡೆದದ್ದು

ಕೋಪಾ ಸುಡಾಮೆರಿಕಾನಾ ಎಂಬುದು ದಕ್ಷಿಣ ಅಮೆರಿಕದ ಕ್ಲಬ್‌ಗಳ ಎರಡನೇ ಪ್ರಮುಖ ಟೂರ್ನಿ. ಅದರ ಫೈನಲ್‌ನ ಮೊದಲ ಪಂದ್ಯವನ್ನು ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಅಟ್ಲೆಟಿಕೊ ನಾಸಿಯೊನಾಲ್ ತಂಡದ ಎದುರು ಆಡಲು ಶಾಪೆಕೊಯೆನ್ಸೆ ಹೊರಟಿತ್ತು. ಬ್ರೆಜಿಲ್‌ನಿಂದ ನೇರವಾಗಿ ಬೊಲಿವಿಯಾ ಮೂಲದ ಲಾಮಿಯಾ ಸಂಸ್ಥೆಯ ಬಾಡಿಗೆ ವಿಮಾನದಲ್ಲಿ ಹೋಗಲು ಬ್ರೆಜಿಲ್‌ನ ವಿಮಾನಯಾನ ಪ್ರಾಧಿಕಾರ ಒಪ್ಪಲಿಲ್ಲ. ಹಾಗಾಗಿ ತಂಡ ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಬೊಲಿವಿಯಾದ ಸಾಂತಾ ಕ್ರೂಸ್‌ಗೆ ಹೋಗಿ, ಅಲ್ಲಿಂದ ಲಾಮಿಯಾ ವಿಮಾನ ಹತ್ತಿತು. ಅದರಲ್ಲಿದ್ದವರು 77 ಮಂದಿ. ಬದುಕಿ ಉಳಿದವರು 6.

ಸಾಂತಾ ಕ್ರೂಸ್‌ನಿಂದ ಮೆಡೆಲಿನ್‌ಗೆ ಆಕಾಶಮಾರ್ಗದಲ್ಲಿ ಸುಮಾರು 2,960 ಕಿಲೋಮೀಟರ್. ಆ ಸಣ್ಣ ಜೆಟ್ ವಿಮಾನ ಟ್ಯಾಂಕ್ ತುಂಬಿಸಿಕೊಂಡು ಹಾರಬಲ್ಲ ಗರಿಷ್ಠ ದೂರವೂ ಹೆಚ್ಚುಕಡಿಮೆ ಅಷ್ಟೇ. ಹಾರಾಟದ ಯೋಜನೆಯಲ್ಲಿ ಪ್ರಯಾಣದ ಅವಧಿ 4 ಗಂಟೆ 22 ನಿಮಿಷವೆಂದೂ, ಇಂಧನ ಬರುವ ಅವಧಿಯೂ 4 ಗಂಟೆ 22 ನಿಮಿಷವೆಂದೂ ಬರೆಯಲಾಗಿತ್ತು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಸರಿಯಾಗಿ 300 ಕಿಲೋಮೀಟರ್‌ಗೆ ಸಾಕಾಗುವಷ್ಟೇ ಡೀಸೆಲ್ ಹಾಕಿಸಿ, ದಾರಿಯಲ್ಲಿ ಬಂಕ್ ಇದ್ದರೂ ನಿಲ್ಲಿಸದೆ ಹೊರಟರೆ, ತುಮಕೂರು ದಾಟಿದ ಮೇಲೆ ಸಿಗುವ ವಾಹನ ದಟ್ಟಣೆಯಲ್ಲಿ ಏನಾಗಬಹುದೆಂದು ಯಾರಾದರೂ ಊಹಿಸಬಹುದು. ಬಸ್ಸಾದರೆ ರಸ್ತೆ ಬದಿಗೆ ನಿಲ್ಲುತ್ತದೆ. ವಿಮಾನಕ್ಕೆ ಆ ಅನುಕೂಲವಿಲ್ಲ. ಆದ್ದರಿಂದಲೇ ಗುರಿಯವರೆಗಿನ ಇಂಧನದ ಜೊತೆಗೆ, ಗುರಿಯಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ತಲುಪುವಷ್ಟು, ಅಲ್ಲಿಯೂ ಅರ್ಧ ಗಂಟೆ ಸುತ್ತುವಷ್ಟು ಇಂಧನ ಇರಲೇಬೇಕೆಂಬುದು ಜೆಟ್ ವಿಮಾನಗಳಿಗೆ ಅಂತಾರಾಷ್ಟ್ರೀಯ ನಿಯಮ.

ಮೆಡೆಲಿನ್ ಸಮೀಪಿಸಿದಾಗ ಇಂಧನ ಸೋರಿಕೆಯ ಅನುಮಾನವಿದ್ದ ಇನ್ನೊಂದು ವಿಮಾನಕ್ಕೆ ಮೊದಲು ಇಳಿಯಲು ಅವಕಾಶ ನೀಡಲಾಗಿತ್ತು. ಲಾಮಿಯಾ ವಿಮಾನ ಆಕಾಶದಲ್ಲೇ ಸುತ್ತು ಹಾಕುತ್ತ ಕಾಯಿತು. ಇಂಧನ ಮುಗಿಯುತ್ತಿರುವ ಸೂಚನೆ ಕಾಕ್‌ಪಿಟ್‌ನಲ್ಲಿ ಬಹಳ ಮುಂಚೆಯೇ ಬಂದಿದ್ದರೂ ತುರ್ತು ಪರಿಸ್ಥಿತಿಯನ್ನು ಪೈಲಟ್ ಹೇಳಿದ್ದು ತೀರಾ ಕೊನೆಗೆ. ಎಂಜಿನ್‌ಗಳು ಒಂದೊಂದಾಗಿ ನಿಂತವು, ದೀಪಗಳು ಆರಿದವು. ಅಲ್ಲಿಯ ಗಡಿಯಾರದಲ್ಲಿ ರಾತ್ರಿ ಹತ್ತಕ್ಕೆ ಒಂದು ನಿಮಿಷ ಇರುವಾಗ ವಿಮಾನ ಗುಡ್ಡಕ್ಕೆ ಬಡಿಯಿತು. ನಮ್ಮಲ್ಲಿ ಆಗ ನವೆಂಬರ್ 29ರ ಬೆಳಿಗ್ಗೆ ಎಂಟೂವರೆ. ಬಿದ್ದ ವಿಮಾನಕ್ಕೆ ಬೆಂಕಿ ಹತ್ತಲಿಲ್ಲ, ಏಕೆಂದರೆ ಉರಿಯಲು ಇಂಧನವೇ ಉಳಿದಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಪ್ರಕಟಿಸಿದ ಅಂತಿಮ ವರದಿ ಇದನ್ನೇ ಕಾರಣವೆಂದು ಹೇಳಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಪೈಲಟ್ ಬರೀ ಪೈಲಟ್ ಆಗಿರಲಿಲ್ಲ, ಸಂಸ್ಥೆಯ ಪಾಲುದಾರನೂ ಆಗಿದ್ದ. ಮಧ್ಯದಲ್ಲಿ ಇಳಿದು ಇಂಧನ ತುಂಬಿಸಿದರೆ ಆಗುವ ಖರ್ಚು ಅವನ ಜೇಬಿನದೇ. ಪ್ರಯಾಣಿಕರ ಪ್ರಾಣ ಕಾಯಬೇಕಾದವನೂ ಖರ್ಚು ಉಳಿಸಬೇಕಾದವನೂ ಒಬ್ಬನೇ ಆದಾಗ, ಅವನ ತೀರ್ಮಾನವನ್ನು ತಡೆಯುವ ಇನ್ನೊಂದು ಕೈ ಬೇಕಾಗುತ್ತದೆ. ಆ ಕೈ ಅಂದು ಇರಲಿಲ್ಲ. ‘ವಿಧಿ’ ಎಂಬ ಮಾತು ಈ ದುರಂತಕ್ಕೆ ಒಪ್ಪುವುದಿಲ್ಲ.

ಊರಿನ ಅಳತೆಗೆ ತಕ್ಕ ತಂಡ

ಕ್ಲಬ್ಬಿನ ಊರಾದ ಶಾಪೆಕೊ ದೊಡ್ಡ ನಗರವಲ್ಲ. ದುರಂತ ನಡೆದಾಗ ಅದರ ಜನಸಂಖ್ಯೆ ಎರಡು ಲಕ್ಷದ ಆಸುಪಾಸಿನಲ್ಲಿತ್ತು. 2011ರ ಜನಗಣತಿಯ ಪ್ರಕಾರ ಭದ್ರಾವತಿಯಲ್ಲಿ ಒಂದೂವರೆ ಲಕ್ಷ, ಶಿವಮೊಗ್ಗ ನಗರದಲ್ಲಿ ಮೂರು ಲಕ್ಷ ಚಿಲ್ಲರೆ ಜನರಿದ್ದರು. ಇವೆರಡರ ನಡುವಿನ ಊರು ಎಂದುಕೊಂಡರೆ ಸರಿ. ಬ್ರೆಜಿಲ್‌ನ ದಕ್ಷಿಣದ ಸಾಂತಾ ಕತರೀನಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಕೋಳಿ-ಹಂದಿ ಮಾಂಸ ಸಂಸ್ಕರಣೆಯ ಕಾರ್ಖಾನೆಗಳನ್ನು ನಂಬಿ ಬದುಕುವ ಊರು ಅದು. ಕ್ಲಬ್ ಹುಟ್ಟಿದ್ದು 1973ರಲ್ಲಿ. 2009ರಲ್ಲಿ ನಾಲ್ಕನೇ ದರ್ಜೆಯಲ್ಲಿ ಆಡುತ್ತಿದ್ದ ತಂಡ 2014ಕ್ಕೆ ಮೊದಲ ದರ್ಜೆಗೆ ಏರಿತ್ತು. ಇನ್ನೆರಡು ವರ್ಷಕ್ಕೆ ಖಂಡದ ಫೈನಲ್‌ಗೆ ಬಂದಿತ್ತು. ಕಾರ್ಖಾನೆಯ ಸೈರನ್‌ಗೆ ಊರಿಗೆ ಊರೇ ಎದ್ದು ಮಲಗುತ್ತಿದ್ದ ಕಾಲದ ಭದ್ರಾವತಿಯನ್ನು ಕಂಡವರಿಗೆ, ಇಡೀ ಊರಿಗೆ ಒಂದೇ ಹೆಮ್ಮೆ ಇರುವುದೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಅಭಿಮಾನಿಗೆ ಆಟಗಾರ ನೆಂಟನಲ್ಲ, ಪರಿಚಯದವನೂ ಅಲ್ಲ. ಆದರೂ ವಾರಕ್ಕೊಮ್ಮೆ ಅದೇ ಹನ್ನೊಂದು ಹೆಸರನ್ನು ಅದೇ ಕ್ರಮದಲ್ಲಿ ಉಚ್ಚರಿಸುತ್ತ, ಅವರ ಸೋಲಿಗೆ ಊಟ ಬಿಡುತ್ತ, ಗೆಲುವಿಗೆ ಬೀದಿಗಿಳಿಯುತ್ತ ವರ್ಷಗಟ್ಟಲೆ ಬದುಕಿದವನಿಗೆ ಆ ಹೆಸರುಗಳು ದಿನಚರಿಯ ಭಾಗ. ಇನ್ನೂ ಮುಖ್ಯವಾದದ್ದು, ತಂಡ ಸಾಯುವ ವಸ್ತುವೆಂದು ಯಾರೂ ಎಣಿಸಿರುವುದಿಲ್ಲ. ನಮ್ಮ ಯಕ್ಷಗಾನ ಮೇಳಗಳನ್ನೇ ನೋಡಿ: ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಬೇರೆ ಮೇಳಕ್ಕೆ ಹೋಗುತ್ತಾರೆ, ಹಳಬರು ಗೆಜ್ಜೆ ಬಿಚ್ಚುತ್ತಾರೆ, ಹೊಸಬರು ಕಟ್ಟುತ್ತಾರೆ, ಮೇಳ ಮಾತ್ರ ಹಾಗೆಯೇ ಇರುತ್ತದೆ. ಒಬ್ಬಿಬ್ಬರಂತೆ ಬದಲಾಗುವುದರಿಂದ, ಉಳಿದವರು ಹೊಸಬರಿಗೆ ನಡೆ ಕಲಿಸುವುದರಿಂದ ಆ ಮುಂದುವರಿಕೆ ಸಾಧ್ಯ. ವಿಮಾನ ದುರಂತ ಈ ಸರಪಳಿಯನ್ನೇ ಕತ್ತರಿಸುತ್ತದೆ. ಕಲಿಸುವವರೂ ಕಲಿಯುವವರೂ ಒಟ್ಟಿಗೆ ಹೋಗುತ್ತಾರೆ. ಅಭಿಮಾನಿ ಅಳುವುದು ವ್ಯಕ್ತಿಗಳಿಗಾಗಿ ಹೌದು, ಜೊತೆಗೆ ತಾನು ಸತ್ತ ಮೇಲೂ ಇರುತ್ತದೆಂದು ನಂಬಿದ್ದ ಒಂದು ವಸ್ತು ತನ್ನ ಕಣ್ಣೆದುರೇ ಮುಗಿದುಹೋದದ್ದಕ್ಕಾಗಿಯೂ ಹೌದು.

ಇದರ ಮೇಲೆ ‘ಹೀಗಾಗದಿದ್ದರೆ’ ಎಂಬ ಸಂಕಟ ಬೇರೆ. ಫೈನಲ್‌ಗೆ ಮುಂಚಿನ ಸೆಮಿಫೈನಲ್‌ನಲ್ಲಿ, ಅರ್ಜೆಂಟೀನಾದ ಸಾನ್ ಲೊರೆಂಜೊ ಎದುರು, ಆಟ ಮುಗಿಯುವ ಕೊನೆಯ ಗಳಿಗೆಯಲ್ಲಿ ಹತ್ತಿರದಿಂದ ಬಂದ ಚೆಂಡನ್ನು ಗೋಲ್‌ಕೀಪರ್ ಡ್ಯಾನಿಲೊ ಕಾಲಿನಿಂದ ತಡೆದರು. ಆ ಚೆಂಡು ಒಳಗೆ ಹೋಗಿದ್ದರೆ ಶಾಪೆಕೊಯೆನ್ಸೆ ಸೋತು ಮನೆಗೆ ಮರಳುತ್ತಿತ್ತು, ಆ ವಿಮಾನ ಹತ್ತುತ್ತಿರಲಿಲ್ಲ. ಊರು ಹುಚ್ಚೆದ್ದು ಕುಣಿದ ಕ್ಷಣ ಅದು. ಐದೇ ದಿನದಲ್ಲಿ ಅದೇ ಕ್ಷಣವನ್ನು ನೆನೆದು ಅಳುವಂತಾಯಿತು. ಡ್ಯಾನಿಲೊ ಅಪಘಾತದ ಸ್ಥಳದಿಂದ ಜೀವಂತವಾಗಿ ಹೊರಬಂದು, ಬಳಿಕ ಕೊನೆಯುಸಿರೆಳೆದರು. ಕೆಲ ದಿನಗಳ ಬಳಿಕ ಅವರ ತಾಯಿಯ ಮಾತು ಕೇಳಲು ಬಂದ ಟಿವಿ ವರದಿಗಾರನಿಗೆ ಆ ತಾಯಿಯೇ ಪ್ರಶ್ನೆ ಹಾಕಿದರು: ಆ ವಿಮಾನದಲ್ಲಿ ನಿಮ್ಮ ಸಹೋದ್ಯೋಗಿಗಳೂ ಅಷ್ಟೊಂದು ಮಂದಿ ಹೋದರಲ್ಲ, ನಿಮಗೆ ಹೇಗನ್ನಿಸುತ್ತಿದೆ? ವರದಿಗಾರ ಬಾಯಿ ಬಾರದೆ ನಿಂತಾಗ ಅವರನ್ನು ತಬ್ಬಿಕೊಂಡರು. ದುರಂತದಲ್ಲಿ ಸತ್ತವರಲ್ಲಿ 20 ಮಂದಿ ಪತ್ರಕರ್ತರು. ಆಟಗಾರರ ಲೆಕ್ಕದಲ್ಲಿ ಅವರು ಮರೆಯಾಗುತ್ತಿದ್ದಾರೆಂಬುದು ಎಲ್ಲರಿಗಿಂತ ಮೊದಲು ಹೊಳೆದದ್ದು ಮಗನನ್ನು ಕಳೆದುಕೊಂಡ ಆ ತಾಯಿಗೆ.

ಎದುರಾಳಿ ಬಿಟ್ಟುಕೊಟ್ಟ ಕಪ್

ನವೆಂಬರ್ 30ರಂದು ಫೈನಲ್ ಆರಂಭವಾಗಬೇಕಿದ್ದ ಅದೇ ಹೊತ್ತಿಗೆ ಮೆಡೆಲಿನ್‌ನ ಅಟನಾಸಿಯೊ ಗಿರಾರ್ಡೊಟ್ ಕ್ರೀಡಾಂಗಣ ತುಂಬಿತು. ಬಂದವರು ಎದುರಾಳಿ ತಂಡದ ಅಭಿಮಾನಿಗಳು. ಬಿಳಿ ಬಟ್ಟೆ ಉಟ್ಟು, ಕೈಯಲ್ಲಿ ಮೇಣದಬತ್ತಿ ಹಿಡಿದು ಬಂದಿದ್ದರು. ಒಳಗೆ ಜಾಗ ಸಾಲದೆ ಸಾವಿರಾರು ಜನ ಹೊರಗೆ ನಿಂತರು. ಅತ್ತ ಶಾಪೆಕೊದ ಅರೆನಾ ಕೊಂಡಾ ಮೈದಾನದಲ್ಲಿಯೂ ಜನ ಅದೇ ಹೊತ್ತಿಗೆ ಸೇರಿ ಆಟಗಾರರ ಹೆಸರು ಕೂಗಿದರು. ಡಿಸೆಂಬರ್ 3ರಂದು ಧಾರಾಕಾರ ಮಳೆಯಲ್ಲಿ ಶವಪೆಟ್ಟಿಗೆಗಳನ್ನು ಸೈನಿಕರು ಹೆಗಲ ಮೇಲೆ ಹೊತ್ತು ಅದೇ ಮೈದಾನಕ್ಕೆ ತಂದಾಗ, ನೆನೆದು ತೊಪ್ಪೆಯಾದ ಜನ ಕದಲದೆ ನಿಂತಿದ್ದರು.

ಅಟ್ಲೆಟಿಕೊ ನಾಸಿಯೊನಾಲ್ ಕ್ಲಬ್, ಪ್ರಶಸ್ತಿಯನ್ನು ಶಾಪೆಕೊಯೆನ್ಸೆಗೆ ಕೊಡಬೇಕೆಂದು ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟವನ್ನು ತಾನಾಗಿಯೇ ಕೇಳಿಕೊಂಡಿತು. ಡಿಸೆಂಬರ್ 5ರಂದು ಒಕ್ಕೂಟ ಅದನ್ನು ಒಪ್ಪಿತು. ಕಪ್ ಬರೀ ಗೌರವದ ಕುರುಹಾಗಿರಲಿಲ್ಲ. ಅದರ ಜೊತೆ 20 ಲಕ್ಷ ಡಾಲರ್ ಬಹುಮಾನವೂ, ಖಂಡದ ಅತಿ ದೊಡ್ಡ ಟೂರ್ನಿಯಾದ ಕೋಪಾ ಲಿಬರ್ಟಡೋರೆಸ್‌ನಲ್ಲಿ 2017ಕ್ಕೆ ಸ್ಥಾನವೂ ಬಂದವು. ಆಟಗಾರರೇ ಇಲ್ಲದ ಕ್ಲಬ್ಬಿಗೆ ಮುಂದಿನ ವರ್ಷದ ಆದಾಯವೂ ಪಂದ್ಯಗಳ ಪಟ್ಟಿಯೂ ಹೀಗೆ ಸಿಕ್ಕವು.

ಇದನ್ನು ಒಪ್ಪದವರ ವಾದವನ್ನೂ ಗೌರವದಿಂದ ಕೇಳಬೇಕು. ಆಟದ ಪ್ರಶಸ್ತಿ ಮೈದಾನದಲ್ಲಿ ಗೆದ್ದು ಪಡೆಯುವಂಥದ್ದು, ಸಂತಾಪಕ್ಕೆ ಬೇರೆ ದಾರಿಗಳಿವೆ, ಕನಿಕರದಿಂದ ಕೊಟ್ಟ ಕಪ್ ಸತ್ತವರ ಆಟಕ್ಕೂ ಮರ್ಯಾದೆಯಲ್ಲ ಎಂದು ಅವರು ಹೇಳುತ್ತಾರೆ. ಆದರೆ ಇಲ್ಲಿ ಕೊಟ್ಟವರು ಯಾರೆಂಬುದು ಮುಖ್ಯ. ಆ ಕಪ್ಪಿನ ಮೇಲೆ ಹಕ್ಕಿದ್ದದ್ದು ಎರಡೇ ತಂಡಗಳಿಗೆ. ಒಂದು ಇಲ್ಲವಾಗಿತ್ತು, ಇನ್ನೊಂದು ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಮೂರನೆಯವರ ಪಾಲನ್ನು ಕಿತ್ತು ಕೊಟ್ಟದ್ದಲ್ಲವಾದ್ದರಿಂದ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಮುಯ್ಯಾಳು ಬೇರೆ, ವಿನಾಯಿತಿ ಬೇರೆ

ಬ್ರೆಜಿಲ್‌ನ ಇತರ ಕ್ಲಬ್‌ಗಳು ಎರಡು ಸಲಹೆ ಮುಂದಿಟ್ಟವು. ಒಂದು, ತಮ್ಮ ಆಟಗಾರರನ್ನು ಹಣ ಪಡೆಯದೆ ಎರವಲು ಕೊಡುವುದು. ಇನ್ನೊಂದು, ಮೂರು ವರ್ಷ ಶಾಪೆಕೊಯೆನ್ಸೆಗೆ ಹಿಂಬಡ್ತಿ, ಅಂದರೆ ಕೆಳಗಿನ ದರ್ಜೆಗೆ ಇಳಿಯುವುದು, ಆಗದಂತೆ ವಿನಾಯಿತಿ ನೀಡುವುದು. ಎರಡೂ ಒಂದೇ ಬಗೆಯ ಔದಾರ್ಯವೆಂಬಂತೆ ಹೆಚ್ಚಿನ ವರದಿಗಳು ಒಟ್ಟಿಗೆ ಹೇಳಿದವು. ನಿಜಕ್ಕೂ ಇವು ಬೇರೆ ಬೇರೆ ಜಾತಿಯವು.

ಮಲೆನಾಡಿನ ಗದ್ದೆ-ತೋಟದ ಕೆಲಸ ಬಲ್ಲವರಿಗೆ ಮುಯ್ಯಾಳು ಗೊತ್ತು. ನಟ್ಟಿಯೋ ಅಡಿಕೆ ಕೊಯ್ಲೋ ಇದ್ದಾಗ ಇವರ ಮನೆಗೆ ಅವರು ಬಂದು ದುಡಿಯುತ್ತಾರೆ, ಅವರ ಮನೆಗೆ ಇವರು ಹೋಗುತ್ತಾರೆ. ಸಾವಾದ ಮನೆಯ ಕೆಲಸ ನಿಂತಿದ್ದರೆ ತಿರುಗಿ ಬರುವ ಲೆಕ್ಕವನ್ನೂ ಇಡದೆ ನೆರೆಯವರು ಗದ್ದೆಗಿಳಿಯುತ್ತಾರೆ. ಆಟಗಾರರ ಎರವಲು ಈ ಜಾತಿಯದ್ದು. ನೆರವು ಕೊಟ್ಟವನು ತನ್ನದನ್ನು ಕೊಡುತ್ತಾನೆ. ಹಿಂಬಡ್ತಿಯ ವಿನಾಯಿತಿ ಹಾಗಲ್ಲ. ನಾಲ್ಕು ತಂಡಗಳು ಕೆಳಗಿಳಿಯಬೇಕಾದ ಲೀಗ್‌ನಲ್ಲಿ ಒಂದಕ್ಕೆ ರಕ್ಷಣೆ ಕೊಟ್ಟರೆ, ಅದರ ಬದಲಿಗೆ ಇನ್ನೊಂದು ತಂಡ ಇಳಿಯುತ್ತದೆ. ಆ ತಂಡಕ್ಕೂ ಊರಿದೆ, ಸಂಬಳ ನಂಬಿದ ನೌಕರರಿದ್ದಾರೆ. ಅಂದರೆ ಕೊಡುವವರು ಒಬ್ಬರು, ತೆರುವವರು ಇನ್ನೊಬ್ಬರು.

ವಿನಾಯಿತಿಗೆ ಪೂರ್ವನಿದರ್ಶನವಿಲ್ಲದೆ ಇಲ್ಲ. 1979ರ ಆಗಸ್ಟ್ 11ರಂದು ಉಕ್ರೇನ್‌ನ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 178 ಮಂದಿ ಸತ್ತಾಗ, ಅವರಲ್ಲಿ ತಾಷ್ಕೆಂಟಿನ ಪಾಖ್ತಕೋರ್ ತಂಡದ 17 ಮಂದಿಯೂ ಇದ್ದರು. ಸೋವಿಯತ್ ಲೀಗ್ ಆ ತಂಡಕ್ಕೆ ಮೂರು ಋತುಗಳ ಕಾಲ ಹಿಂಬಡ್ತಿ ಇಲ್ಲವೆಂದು ತೀರ್ಮಾನಿಸಿತ್ತು. ಬ್ರೆಜಿಲ್‌ನಲ್ಲಿ ಅಂಥ ವಿನಾಯಿತಿ ಜಾರಿಗೆ ಬರಲಿಲ್ಲ. ಆದದ್ದೇನು? ಎರವಲು ಆಟಗಾರರು, ಹೊಸಬರು, ಕಿರಿಯರ ತಂಡದ ಹುಡುಗರು ಸೇರಿ ಕಟ್ಟಿದ ಶಾಪೆಕೊಯೆನ್ಸೆ 2017ರಲ್ಲಿ ಲೀಗ್‌ನಲ್ಲಿ 8ನೇ ಸ್ಥಾನ ಪಡೆಯಿತು. ಆಮೇಲೆ ಇಳಿಮುಖ: 2019ರಲ್ಲಿ ಎರಡನೇ ದರ್ಜೆಗೆ ಇಳಿಯಿತು, 2020ರಲ್ಲಿ ಅಲ್ಲಿ ಚಾಂಪಿಯನ್ ಆಗಿ ಮೇಲೆ ಬಂತು, 2021ರಲ್ಲಿ ಇಡೀ ಋತುವಿನಲ್ಲಿ ಒಂದೇ ಪಂದ್ಯ ಗೆದ್ದು ಮತ್ತೆ ಇಳಿಯಿತು. 2025ರ ಬಡ್ತಿಯ ಹಿಂದೆ ಈ ಏರಿಳಿತಗಳೆಲ್ಲ ಇವೆ.

ವಿನಾಯಿತಿ ಸಿಗದಿದ್ದದ್ದು ಅಭಿಮಾನಿಗಳಿಗೂ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಸೋಲಲಾಗದ ತಂಡಕ್ಕೆ ಗೆಲ್ಲುವುದೂ ಆಗುವುದಿಲ್ಲ, ಅದು ಸ್ಮಾರಕವಾಗಿಬಿಡುತ್ತದೆ. 2017ರ ಜನವರಿ 21ರಂದು ಬ್ರೆಜಿಲ್‌ನದೇ ಪಾಲ್ಮೇರಾಸ್ ಕ್ಲಬ್ ಎದುರು ಆಡಿದ ಮೊದಲ ಸೌಹಾರ್ದ ಪಂದ್ಯದಲ್ಲಿ, ಸತ್ತ 71 ಮಂದಿಯ ನೆನಪಿಗೆ 71ನೇ ನಿಮಿಷದಲ್ಲಿ ಆಟ ನಿಲ್ಲಿಸಿ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಆ ದಿನಕ್ಕೆ ಅದು ಸರಿ. ಆದರೆ ಎಷ್ಟು ವರ್ಷ ಹಾಗೆ ಆಡಲಾದೀತು? ತಂಡದ ಆಟ ಕೆಟ್ಟಾಗ ಬೈಯುವ ಸ್ವಾತಂತ್ರ್ಯ ಅಭಿಮಾನಿಗೆ ಮರಳಿ ಸಿಕ್ಕಿದ ದಿನವೇ ಊರಿನ ಸೂತಕ ಕಳೆದ ದಿನ.

ಟುರಿನ್, ಮ್ಯಾಂಚೆಸ್ಟರ್, ಲುಸಾಕಾ

ಈ ದಾರಿಯನ್ನು ಬೇರೆ ಊರುಗಳೂ ನಡೆದಿವೆ. 1949ರ ಮೇ 4ರಂದು ಲಿಸ್ಬನ್‌ನಿಂದ ಮರಳುತ್ತಿದ್ದ ಇಟಲಿಯ ಟುರಿನ್ ನಗರದ ಟೊರಿನೊ ತಂಡದ ವಿಮಾನ ಮೋಡ ಮುಸುಕಿದ ಸುಪೆರ್ಗಾ ಬೆಟ್ಟದ ಮೇಲಿನ ಚರ್ಚಿನ ಹಿಂಗೋಡೆಗೆ ಬಡಿದು 31 ಮಂದಿ ಸತ್ತರು. ಅವರಲ್ಲಿ 18 ಆಟಗಾರರು. ಲೀಗ್‌ನಲ್ಲಿ ನಾಲ್ಕು ಪಂದ್ಯ ಬಾಕಿ ಇತ್ತು. ಟೊರಿನೊ ಹುಡುಗರ ತಂಡವನ್ನು ಇಳಿಸಿತು. ಎದುರಾಳಿಗಳೂ ತಮ್ಮ ದೊಡ್ಡವರನ್ನು ಬಿಟ್ಟು ಹುಡುಗರನ್ನೇ ಆಡಿಸಿದರು. ಸಂತಾಪ ಹೇಳುವ ಇದಕ್ಕಿಂತ ಹದವಾದ ರೀತಿ ಆಟದ ಇತಿಹಾಸದಲ್ಲಿ ನನಗೆ ಕಾಣುವುದಿಲ್ಲ. ಟೊರಿನೊ ಮತ್ತೆ ಇಟಲಿಯ ಚಾಂಪಿಯನ್ ಆಗಲು 1976 ಬರಬೇಕಾಯಿತು. ಪ್ರತಿವರ್ಷ ಮೇ 4ಕ್ಕೆ ಅಭಿಮಾನಿಗಳು ಬೆಟ್ಟ ಹತ್ತುತ್ತಾರೆ, ಈಗಿನ ತಂಡದ ನಾಯಕ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ. ಅಂದಿನ ಆಟಗಾರರನ್ನು ಕಣ್ಣಾರೆ ಕಂಡವರು ಇಂದು ಹತ್ತುವವರಲ್ಲಿ ಇರುವುದು ದುರ್ಲಭ. ಶೋಕವಾಗಿ ಶುರುವಾದದ್ದು ಈಗ ಊರಿನ ಆಚರಣೆಯಾಗಿದೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ ಕಥೆ ಹೆಚ್ಚು ಪರಿಚಿತ. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ಕರಗಿದ ಹಿಮ ಹರಡಿದ್ದ ರನ್‌ವೇಯಿಂದ ಮೂರನೇ ಸಲ ಮೇಲೇರಲು ಯತ್ನಿಸಿದ ವಿಮಾನ ಬೇಲಿ ದಾಟಿ ಮನೆಯೊಂದಕ್ಕೆ ನುಗ್ಗಿತು. 23 ಸಾವು, ಅವರಲ್ಲಿ 8 ಆಟಗಾರರು. ಹದಿಮೂರು ದಿನಗಳ ಬಳಿಕ ಆಡಿದ ಮೊದಲ ಪಂದ್ಯದ ಕೈಪಿಡಿಯಲ್ಲಿ ಯುನೈಟೆಡ್ ಆಟಗಾರರ ಹೆಸರಿರಬೇಕಾದ ಜಾಗವನ್ನು ಖಾಲಿ ಬಿಡಲಾಗಿತ್ತು. ಅಲ್ಲಿಯ ದುಃಖಕ್ಕೆ ಇನ್ನೊಂದು ಮುಖವೂ ಇದೆ. ಎದುರಾಳಿ ಅಭಿಮಾನಿಗಳಲ್ಲಿ ಕೆಲವರು ದಶಕಗಳ ಕಾಲ ಕೈಗಳನ್ನು ವಿಮಾನದ ರೆಕ್ಕೆಯಂತೆ ಚಾಚಿ ಆ ಸಾವುಗಳನ್ನು ಹಾಡಿ ಅಣಕಿಸುತ್ತಿದ್ದರು. 2008ರಲ್ಲಿ ದುರಂತದ ಐವತ್ತನೇ ವರ್ಷದ ಪಂದ್ಯ ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ಜೊತೆಗೇ ಬಿದ್ದಾಗ, ಮೌನಾಚರಣೆ ಕೆಡುತ್ತದೆಂಬ ಭಯ ಎಲ್ಲರಿಗೂ ಇತ್ತು. ಸಿಟಿ ಅಭಿಮಾನಿಗಳು ಆ ಮೌನವನ್ನು ಕಾಯ್ದರು. ಹಾಗಿದ್ದೂ ಅಣಕ ನಿಲ್ಲದ್ದರಿಂದ, ಇಂಥ ಕೂಗುಗಳನ್ನು ಶಿಕ್ಷಾರ್ಹ ಅಪರಾಧವಾಗಿ ನೋಡುವ, ಕ್ರೀಡಾಂಗಣಕ್ಕೆ ಪ್ರವೇಶ ನಿಷೇಧಿಸುವ ಕ್ರಮಗಳನ್ನು ಇಂಗ್ಲೆಂಡ್‌ನಲ್ಲಿ 2023ರಿಂದ ಬಿಗಿಗೊಳಿಸಲಾಗಿದೆ.

ಲುಸಾಕಾ ರಾಜಧಾನಿಯಾಗಿರುವ ಜಾಂಬಿಯಾದ ರಾಷ್ಟ್ರೀಯ ತಂಡದ ವಿಮಾನ 1993ರ ಏಪ್ರಿಲ್ 27ರಂದು ಗ್ಯಾಬನ್‌ನ ರಾಜಧಾನಿ ಲಿಬ್ರೆವಿಲ್ ಬಳಿ ಸಮುದ್ರಕ್ಕೆ ಬಿತ್ತು. ವಾಯುಸೇನೆಯ ಆ ವಿಮಾನದಲ್ಲಿದ್ದ 30 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಯುರೋಪಿನಲ್ಲಿ ಆಡುತ್ತಿದ್ದ ನಾಯಕ ಕಲುಷಾ ಬ್ವಾಲ್ಯಾ ಆ ವಿಮಾನದಲ್ಲಿ ಇರದ ಕಾರಣ ಬದುಕಿದರು. 2012ರ ಫೆಬ್ರುವರಿ 12ರಂದು ಜಾಂಬಿಯಾ ತನ್ನ ಮೊದಲ ಆಫ್ರಿಕಾ ಕಪ್ ಗೆದ್ದದ್ದು ಅದೇ ಲಿಬ್ರೆವಿಲ್‌ನಲ್ಲಿ. ಫೈನಲ್‌ಗೆ ಮುಂಚೆ ಆಟಗಾರರು ಸಮುದ್ರ ತೀರಕ್ಕೆ ಹೋಗಿ ಹೂವು ಅರ್ಪಿಸಿದ್ದರು. ದೇಶಕ್ಕೆ ದೇಶವೇ ಅಂದು ಸಮಾಧಾನದ ಉಸಿರು ಬಿಟ್ಟಿತು. ಆದರೆ ವಿಮಾನ ಬಿದ್ದದ್ದೇಕೆಂಬ ಅಧಿಕೃತ ವಿವರಣೆಗೆ ಮನೆಯವರು ಹತ್ತು ವರ್ಷ ಕಾಯಬೇಕಾಗಿತ್ತು: ಎಡ ಎಂಜಿನ್ ಕೆಟ್ಟಾಗ ಪೈಲಟ್ ತಪ್ಪಿ ಬಲ ಎಂಜಿನ್ ಆರಿಸಿದ್ದರೆಂದು ಗ್ಯಾಬನ್ ವರದಿ ಹೇಳಿದ್ದು 2003ರಲ್ಲಿ.

ಮನೆಯ ಲೆಕ್ಕ

ಮೆಡೆಲಿನ್ ದುರಂತದ ವಿಮಾನಕ್ಕೆ 2.5 ಕೋಟಿ ಡಾಲರ್‌ನ ವಿಮೆ ಇತ್ತು. 71 ಸಾವುಗಳಿಗೆ ಅದೇ ಕಡಿಮೆ. ಅದನ್ನೂ ಕೊಡಲಾಗದೆಂದು ವಿಮೆಯ ಕಡೆಯವರು ವಾದಿಸಿದರು: ಕಂತು ಕಟ್ಟಿರಲಿಲ್ಲ, ಪಾಲಿಸಿಯಲ್ಲಿ ಕೊಲಂಬಿಯಾಕ್ಕೆ ಹಾರುವುದು ಹೊರಗಿಟ್ಟ ಬಾಬ್ತು, ಇಂಧನವಿಲ್ಲದೆ ಹಾರಿದ್ದು ನಿಯಮದ ಉಲ್ಲಂಘನೆ. ಅದರ ಬದಲು ಮಾನವೀಯ ನೆರವು ಎಂಬ ಹೆಸರಲ್ಲಿ, ಮುಂದೆ ದಾವೆ ಹೂಡುವುದಿಲ್ಲವೆಂಬ ಷರತ್ತಿನ ಮೇಲೆ, ಸಣ್ಣ ಮೊತ್ತವೊಂದನ್ನು ಮುಂದಿಟ್ಟರು. ಕೆಲವು ಮನೆಯವರು ತೆಗೆದುಕೊಂಡರು, ಅನೇಕರು ನಿರಾಕರಿಸಿದರು. 2019ರಲ್ಲಿ ವಿಧವೆಯರು ಲಂಡನ್‌ಗೇ ಹೋಗಿ ವಿಮಾ ಕಚೇರಿಗಳ ಎದುರು ನಿಂತರು. ಬ್ರೆಜಿಲ್‌ನ ಸೆನೆಟ್ ವಿಚಾರಣಾ ಸಮಿತಿ ರಚಿಸಿತು. ವಿಮಾನ ಸಂಸ್ಥೆ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು, ಪಾಲುದಾರ ಪೈಲಟ್ ಅದೇ ಅಪಘಾತದಲ್ಲಿ ಸತ್ತಿದ್ದ.

ಅತಿ ನೋವಿನ ತಿರುವು ಇನ್ನೊಂದು. ಆಟಗಾರ ಕೆಲಸದ ಮೇಲೆ ಹೋಗುವಾಗ ಸತ್ತ ನೌಕರನಾದ್ದರಿಂದ, ಕೆಲವು ಕುಟುಂಬಗಳು ಉದ್ಯೋಗದಾತನಾದ ಕ್ಲಬ್ ಮೇಲೆಯೇ ದಾವೆ ಹೂಡಿದವು. ಅಭಿಮಾನಿಗೆ ಇದನ್ನು ನುಂಗುವುದು ಕಷ್ಟ. ಅವನ ದೃಷ್ಟಿಯಲ್ಲಿ ಕ್ಲಬ್ಬೂ ಆ ದುರಂತದ ಬಲಿಪಶು. ಅದರಿಂದ ಹಣ ಕೇಳುವುದೆಂದರೆ ಎದ್ದು ನಿಲ್ಲುತ್ತಿರುವ ತಂಡವನ್ನು ಮತ್ತೆ ಕೆಡವಿದಂತೆ. ಮನೆಯವರ ದೃಷ್ಟಿಯಲ್ಲಿ ಅಗ್ಗದ ವಿಮಾನ ಆರಿಸಿದ್ದು ಕ್ಲಬ್, ಕಾಗದಪತ್ರ ನೋಡದಿದ್ದದ್ದು ಕ್ಲಬ್. ಇಬ್ಬರ ದುಃಖವೂ ನಿಜವಾದದ್ದೇ, ಆದರೆ ಇಬ್ಬರ ಹಿತ ಇಲ್ಲಿ ಒಂದೇ ಅಲ್ಲ. ಈ ಜಾಗದಲ್ಲಿ ನ್ಯಾಯ ಮನೆಯವರ ಕಡೆಗಿದೆಯೆಂದು ಹೇಳಬೇಕಾಗುತ್ತದೆ. ಹೊಸ ಆಟಗಾರರನ್ನು ತಂದು ತಂಡವನ್ನು ಕಟ್ಟಬಹುದು, ಮನೆಯನ್ನು ಹಾಗೆ ಕಟ್ಟಲಾಗುವುದಿಲ್ಲ.

ಇದು ದೂರದ ಕಥೆಯೇನಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಮಲೆನಾಡಿನವರು ಘಾಟಿ ಇಳಿದು ಹೋಗುವುದು ಮಂಗಳೂರು ವಿಮಾನ ನಿಲ್ದಾಣಕ್ಕೆ. ಅಲ್ಲಿ 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, 8 ಮಂದಿ ಉಳಿದರು. ಅಂತಾರಾಷ್ಟ್ರೀಯ ಹಾರಾಟಗಳಿಗೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದವನ್ನು ಭಾರತ ಅದರ ಹಿಂದಿನ ವರ್ಷವಷ್ಟೇ ಅಂಗೀಕರಿಸಿತ್ತು. ಒಂದು ಮಿತಿಯವರೆಗಿನ ಪರಿಹಾರಕ್ಕೆ ವಿಮಾನ ಸಂಸ್ಥೆಯ ತಪ್ಪನ್ನು ಸಾಬೀತುಪಡಿಸಬೇಕಿಲ್ಲ ಎನ್ನುತ್ತದೆ ಆ ಒಪ್ಪಂದ. ಆದರೂ ಮೊತ್ತದ ಲೆಕ್ಕ ಹೇಗೆಂಬ ವ್ಯಾಜ್ಯ ಮುಗಿಯಲಿಲ್ಲ. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ, ಅಪಘಾತವಾಗಿ ಹತ್ತು ವರ್ಷಕ್ಕೆ. ಊರಿನವರು ಪ್ರತಿ ಮೇ 22ಕ್ಕೆ ಸ್ಮಾರಕದ ಬಳಿ ಹೂವಿಟ್ಟು ಬರುವ ಹೊತ್ತಿನಲ್ಲಿ ಆ ಮನೆಯವರು ವಕೀಲರ ಕಚೇರಿಯ ಬೆಂಚಿನಲ್ಲಿ ಕೂತಿದ್ದರು.

ಮುಂದೆ ಏನಾಗಬಹುದು

ಶಿವಮೊಗ್ಗದ ಸೋಗಾನೆಯಿಂದ 2023ರ ಆಗಸ್ಟ್ 31ರಿಂದ ಪ್ರಯಾಣಿಕ ವಿಮಾನಗಳು ಹಾರುತ್ತಿವೆ. ಆದರೂ ಇಲ್ಲಿಯ ಕಬಡ್ಡಿ, ವಾಲಿಬಾಲ್, ಖೋಖೋ ತಂಡಗಳು ಇಂದಿಗೂ ಟೂರ್ನಿಗೆ ಹೋಗುವುದು ಬಾಡಿಗೆಯ ಟಿಟಿಯಲ್ಲಿ ಇಲ್ಲವೇ ಜೀಪಿನಲ್ಲಿ. ಕಾರಣಗಳ ಸರಪಳಿ ಮಾತ್ರ ಅದೇ. ಅತಿ ಕಡಿಮೆ ಬಾಡಿಗೆ ಹೇಳಿದವನಿಗೆ ವಾಹನ ಗೊತ್ತುಮಾಡುವುದು, ಓನರೇ ಡ್ರೈವರ್ ಆಗಿರುವುದು, ರಾತ್ರಿ ಪಂದ್ಯ ಮುಗಿಸಿ ನಿದ್ದೆಗೆಟ್ಟವನೇ ಮಳೆಯಲ್ಲಿ ಘಾಟಿ ಹತ್ತಿಸುವುದು, ಇನ್ಶೂರೆನ್ಸ್ ನಡೆಯುತ್ತಿದೆಯೋ ಇಲ್ಲವೋ ಎಂದು ಯಾರೂ ಕೇಳದಿರುವುದು. ಗೊತ್ತುಮಾಡುವ ಮುಂಚೆಯೇ ವಿಮೆಯ, ಪರ್ಮಿಟ್‌ನ ಕಾಗದ ನೋಡುವ ಹೊಣೆ ಯಾರದೆಂದು ಸಂಘಟಕರೂ ಶಾಲೆಗಳೂ ಬರವಣಿಗೆಯಲ್ಲಿ ಗೊತ್ತುಮಾಡಿಕೊಂಡರೆ, ಏನಾದರೂ ಆದ ಮೇಲೆ ಮನೆಯವರು ಅಲೆಯುವುದು ಬಹಳಷ್ಟು ತಪ್ಪುತ್ತದೆ.

ಶಾಪೆಕೊದಲ್ಲಿ ತಂಡ ಮೊದಲ ದರ್ಜೆಯಲ್ಲಿ ಉಳಿಯಲು ಹೋರಾಡಬೇಕಾಗುತ್ತದೆ. ಸಣ್ಣ ಊರಿನ ಕ್ಲಬ್ಬಿಗೆ ಅದು ಸುಲಭವಲ್ಲ, ಇಳಿದರೂ ಅದರಲ್ಲಿ ಅಚ್ಚರಿಯಿಲ್ಲ. ಕಾಲ ಕಳೆದಂತೆ ದುರಂತವನ್ನು ಮೈಮೇಲೆ ಹೊತ್ತು ಬಂದವರೂ ಕಡಿಮೆಯಾಗುತ್ತಿದ್ದಾರೆ. ಬದುಕಿ ಉಳಿದ ಏಕೈಕ ಪತ್ರಕರ್ತ, ರೇಡಿಯೊ ವೀಕ್ಷಕ ವಿವರಣೆಗಾರ ರಫಾಯೆಲ್ ಹೆಂಜೆಲ್, ಮತ್ತೆ ಮೈಕಿನ ಮುಂದೆ ಕೂತು ಶಾಪೆಕೊಯೆನ್ಸೆಯ ಪಂದ್ಯಗಳನ್ನು ಬಣ್ಣಿಸಿ, 2019ರ ಮಾರ್ಚ್‌ನಲ್ಲಿ ಫುಟ್‌ಬಾಲ್ ಆಡುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಒಂದು ಕಾಲು ಕಳೆದುಕೊಂಡ ಗೋಲ್‌ಕೀಪರ್ ಜಾಕ್ಸನ್ ಫೋಲ್ಮನ್ ಮೈದಾನಕ್ಕೆ ಆಟಗಾರನಾಗಿ ಮರಳಲಾಗಲಿಲ್ಲ. ಬದುಕಿ ಉಳಿದ ಇನ್ನೊಬ್ಬ ಆಟಗಾರ ಅಲನ್ ರುಶೆಲ್ 2017ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ಎದುರು ಮರಳಿ ಆಡಿದರು.

2026ರ ನವೆಂಬರ್ 28ರಂದು 71 ಹೆಸರುಗಳ ನೆನಪು ನಡೆಯುವಾಗ ಆ ಪಟ್ಟಿಯನ್ನೊಮ್ಮೆ ನಿಧಾನವಾಗಿ ನೋಡಬೇಕು. ಅದರಲ್ಲಿ ಆಟಗಾರರು 19 ಮಂದಿ. ಉಳಿದ 52 ಮಂದಿ ತರಬೇತುದಾರರು, ವೈದ್ಯಕೀಯ ಸಿಬ್ಬಂದಿ, ಕ್ಲಬ್ಬಿನ ಪದಾಧಿಕಾರಿಗಳು, ಅತಿಥಿಗಳು, ಪತ್ರಕರ್ತರು, ವಿಮಾನದ ಸಿಬ್ಬಂದಿ. ಅವರ ಹೆಸರಿನ ಅಂಗಿ ತೊಟ್ಟ ಅಭಿಮಾನಿಗಳು ಯಾವ ಊರಿನಲ್ಲೂ ಇಲ್ಲ.